ಜಯನಗರೀಯ ಸ್ತರವಿಜ್ಞಾನ: ಬೇಸಿಗೆ ಕ್ಷೇತ್ರಾಧ್ಯಯನಕ್ಕೊಂದು ಪ್ರಸ್ತಾವ

ಭೂವಿಜ್ಞಾನ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಚಿತ್ರದುರ್ಗದ ಬಿಸಿಲಿಗೆ ಅಟ್ಟುವ ಸಂಪ್ರದಾಯ ಅನಗತ್ಯವೆಂದು ಈ ಪ್ರಬಂಧ ಸಾಧಿಸಲಿದೆ. ಬಂಡೆ, ಬಿರುಕು, ಪದರ, ಪಲ್ಲಟ ಸಮಸ್ತವೂ ಬೆಂಗಳೂರಿನ ಸೌತ್ ಎಂಡ್ ಸರ್ಕಲ್ಲಿನಿಂದ ಆಟೊ ದೂರದಲ್ಲಿವೆ. ಆಟೊ ಬರಲೊಪ್ಪುವುದು ಬೇರೆ ಶಾಸ್ತ್ರದ ವಿಷಯ.

ತಳಶಿಲೆಯ ಬಗ್ಗೆ ತಕರಾರಿಲ್ಲ. ಜಯನಗರದ ಅಂಚಿನಲ್ಲೇ ಲಾಲ್‌ಬಾಗ್ ಬಂಡೆಯಿದೆ. ವಯಸ್ಸು ಸುಮಾರು 300 ಕೋಟಿ ವರ್ಷ, ಪದವಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಕುಲಕ್ಕೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರು. ಬಂಡೆಯ ಮೇಲೆ ಕೆಂಪೇಗೌಡ ಗೋಪುರ, ಗೋಪುರದ ಸುತ್ತ ಬೆಳಗಿನ ವಾಕಿಂಗ್ ಬಳಗ. ಬಳಗದಲ್ಲಿ ಬಂಡೆಗಿಂತ ಹಿರಿಯರು ಯಾರೂ ಇಲ್ಲ. ನಿವೃತ್ತರು ಇದನ್ನು ಒಪ್ಪಿಲ್ಲ.

ನಿಜವಾದ ಸಂಶೋಧನೆ ಅಗೆದ ರಸ್ತೆಯಲ್ಲಿದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂದು ನಿಕೋಲಸ್ ಸ್ಟೆನೊ 1669ರಲ್ಲೇ ಬರೆದುಬಿಟ್ಟ. ಪಾಪ, ಬನಶಂಕರಿ ನೋಡಿರಲಿಲ್ಲ. ಇಲ್ಲಿ ಡಾಂಬರು ಮೊದಲು, ಅದರಡಿಯ ಕೊಳವೆ ಆಮೇಲೆ. ಹಳೆಯ ಶಿಲೆಯೊಳಗೆ ಶಿಲಾರಸದ ಕರಿ ಡೈಕು ನುಗ್ಗುವುದಿಲ್ಲವೇ ಎಂದು ಸ್ಟೆನೊ ಪಕ್ಷದವರು ವಾದಿಸಿಯಾರು. ಡೈಕು ಒಮ್ಮೆ ನುಗ್ಗಿ ತಣ್ಣಗಾಗುತ್ತದೆ. ಕೇಬಲ್ಲು ಪ್ರತಿ ಮಳೆಗಾಲದ ಹೊಸ್ತಿಲಲ್ಲಿ ಮತ್ತೆ ನುಗ್ಗುತ್ತದೆ.

ಕಾಲಸೂಚಕ ಪಳೆಯುಳಿಕೆಗೆ ಎರಡು ಲಕ್ಷಣ: ಎಲ್ಲೆಡೆ ಹರಡಿರಬೇಕು, ಅಲ್ಪಾಯುಷಿಯಾಗಿರಬೇಕು. ಚುನಾವಣೆಯ ಹಿಂದಿನ ವಾರದ ಡಾಂಬರನ್ನು ಮೀರಿಸುವ ಜೀವಿ ನಮಗೆ ಸಿಕ್ಕಿಲ್ಲ.

ಡಾಂಬರಿನ ಮೇಲೆ ಡಾಂಬರು ಕೂತು ರಸ್ತೆ ಏರಿದಷ್ಟೂ ಮನೆ ಇಳಿಯುತ್ತದೆ. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಗಲಿಗೆ ಈಗ ಎರಡು ಮೆಟ್ಟಿಲು ಇಳಿಯಬೇಕು. ಮನೆಯ ಆಯುಸ್ಸು ಅಳೆಯಲು ಯುರೇನಿಯಂ ಬೇಡ, ಮೆಟ್ಟಿಲೆಣಿಸಿದರೆ ಸಾಕು. ಜೋರು ಮಳೆಗೆ ಹಾಲ್‌ನೊಳಗೆ ನೀರು ಬಂದದ್ದನ್ನು ಮನೆಯೊಡೆಯರು ಅನಾಹುತ ಎನ್ನುತ್ತಾರೆ. ಶಾಸ್ತ್ರ ಅದನ್ನು ಸಮುದ್ರಾಕ್ರಮಣ ಎನ್ನುತ್ತದೆ.

ಜಲಶೋಧನೆಯ ಪಾಠ ಜೆ.ಪಿ. ನಗರದಲ್ಲಿ. ನೈಸ್ ಬಂಡೆಯ ಒಡಲಲ್ಲಿ ನೀರಿಲ್ಲ, ಬಿರುಕಿನಲ್ಲಿ ಮಾತ್ರ ಉಂಟು. ಬಿರುಕು ಎಲ್ಲಿದೆಯೆಂಬುದನ್ನು ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತು ಹೇಳುತ್ತದೆ. ಸುಳ್ಳಾದರೆ ಕಾಯಿ ಚಟ್ನಿಗೆ, ಸಾವಿರ ಅಡಿ ಕೊರೆದ ಕೊಳವೆಬಾವಿಯ ಧೂಳು ಪಕ್ಕದ ಮನೆಯ ಹಪ್ಪಳಕ್ಕೆ.

ಮೌಲ್ಯಮಾಪನ: ಪ್ರತಿ ವಿದ್ಯಾರ್ಥಿಯೂ ಬಿಟಿಎಂ ಲೇಔಟಿನ ಒಂದು ಅಡ್ಡರಸ್ತೆಯ ಭೂನಕ್ಷೆ ಬರೆಯತಕ್ಕದ್ದು. ಸಲ್ಲಿಸಿದ ಮರುದಿನ ರಸ್ತೆ ಅಗೆದು ನಕ್ಷೆ ಸುಳ್ಳಾದರೆ ಅಂಕ ಕಡಿತವಿಲ್ಲ. ತಿಂಗಳ ಮೇಲೂ ನಕ್ಷೆ ನಿಜವಾಗೇ ಉಳಿದಿದ್ದರೆ, ವಿದ್ಯಾರ್ಥಿ ಸ್ಥಳಕ್ಕೇ ಹೋಗಿಲ್ಲವೆಂದು ಭಾವಿಸಿ ವಿವರಣೆ ಕೇಳಲಾಗುವುದು.