ಗಬ್ಬದ ಹಸುವಿನ ವಿಷಯವಾಗಿ ಒಂದು ಬಹಿರಂಗ ಪತ್ರ

ದಕ್ಷಿಣ ರೊಡೇಷಿಯದ ಮೂಲನಿವಾಸಿ ವ್ಯವಹಾರಗಳ ಇಲಾಖೆಯ ಮಹನೀಯರ ಸನ್ನಿಧಾನಕ್ಕೆ ಮೀಸಲು ಪ್ರದೇಶದ ಒಬ್ಬ ಬಡ ಒಕ್ಕಲಿನವನ ವಿಜ್ಞಾಪನೆ:

ಹೊತ್ತು ಮೂಡುವ ಮೊದಲೇ ಬಂದು, ಜಿಲ್ಲೆಯ ಕಚೇರಿಯೊಂದರ ಹೊರಗೆ ಮ್ಸಾಸಾ ಮರದಡಿಯಲ್ಲಿ ಟೋಪಿಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದವನಿಗೆ, ನೆರಳು ಪಡುವಣದಿಂದ ಮೂಡಣಕ್ಕೆ ಹೊರಳಿದ ಮೇಲೆ, ಗುಮಾಸ್ತನು ಕಿಟಕಿಯಲ್ಲಿ ಮುಖದರ್ಶನವಿತ್ತು, ದನದ ವಿಚಾರ ಇಂದಿಲ್ಲವೆಂದೂ ಸಿಟುಪವೆಂಬ ಗುರುತುಚೀಟಿಯನ್ನು ತೋರಿಸಿ ತೊಲಗಬೇಕೆಂದೂ ಅಪ್ಪಣೆಮಾಡಿದನು. ಸಿಟ್ಟು ಆರುವ ಮೊದಲೇ ಬರೆಯುತ್ತಿದ್ದೇನೆ.

1951ರ ಭೂಸಾಗುವಳಿ ಕಾಯಿದೆಯ ಮೇರೆಗೆ ನನ್ನಂಥವನಿಗೆ 8 ಎಕರೆ ಹೊಲವೂ 6 ದನಗಳೂ ಸಾಕೆಂದು ತಾವು ನಿರ್ಣಯಿಸಿದ್ದೀರಿ. ಆ ಶಾಸನವನ್ನು ನನ್ನ ಹಸುವಿಗೆ ಓದಿ ಹೇಳಿದವರಿಲ್ಲವಾದ್ದರಿಂದ ಆ ಮೂಢಪ್ರಾಣಿ ಗಬ್ಬವಾಗಿದೆ. ಏಳನೆಯದು ನೆಲಕ್ಕೆ ಬಿದ್ದ ದಿನ ಅಪರಾಧಿ ಯಾರು? ಕರುವೇ, ತಾಯಿಯೇ, ಚೀಟಿಯಿಲ್ಲದೆ ಬೇಲಿ ಹಾರಿ ಬಂದ ನೆರೆಯವನ ಹೋರಿಯೇ?

1894ರಲ್ಲಿ ಗುಡಿಸಲಿಗೆ 10 ಷಿಲಿಂಗೆಂದು ಮೊದಲಾದ ಕಂದಾಯವು 1904ರಲ್ಲಿ ತಲೆಗೆ 1 ಪೌಂಡಾದುದನ್ನು ನಮ್ಮ ಹಿರಿಯರು ನುಂಗಿಕೊಂಡರು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿರೆಂದಿರಿ, ಬೆನ್ನು ಮುರಿಯುವಂತೆ ಹಾಕಿದೆವು. ಆದರೆ ದನ! ಉಳುವುದಕ್ಕೆ ಎತ್ತು, ಮರಳುನೆಲಕ್ಕೆ ಗೊಬ್ಬರ, ಮಗನ ಮದುವೆಗೆ ತೆರ, ಬರಗಾಲಕ್ಕೆ ಗಂಟು, ಇಷ್ಟನ್ನೂ ಆರರಲ್ಲಿ ಹೊಂದಿಸುವ ಗಣಿತವನ್ನು ತಮ್ಮ ಕಚೇರಿಯವರೇ ಬಂದು ನನ್ನ ಹಟ್ಟಿಯಲ್ಲಿ ಮಾಡಿ ತೋರಿಸಲಿ.

ಹುಲ್ಲು ಸವೆಯಿತು, ಮಣ್ಣು ಕೊಚ್ಚಿಹೋಗುತ್ತಿದೆ ಎನ್ನುತ್ತೀರಿ. ದಿಟ. 1930ರ ಭೂವಿತರಣ ಕಾಯಿದೆಯಲ್ಲಿ, ಆಗ ಸುಮಾರು 50,000 ಇದ್ದ ಬಿಳಿಯರಿಗೆ ದೇಶದ ಅರ್ಧದಷ್ಟು ನೆಲವನ್ನು ಬರೆದುಕೊಟ್ಟು, ಅವರಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದ ನಮ್ಮನ್ನು ಮೀಸಲುಗಳೊಳಕ್ಕೆ ತುರುಕಿದವರು ಯಾರು? ನನ್ನ ಹಸುವಲ್ಲ. ತಂತಿಬೇಲಿಯ ಆಚೆ ಮೊಳಕಾಲೆತ್ತರದ ಹುಲ್ಲು ಮೇಯುವವರಿಲ್ಲದೆ ಒಣಗುತ್ತಿದೆ. ಈಚೆ ದನ ಹೆಚ್ಚಾಯಿತೆಂದು ಹರಾಜು ಕೂಗಿಸುತ್ತೀರಿ. ಸವಾಲಿನಲ್ಲಿ ಕವಡೆ ಕಾಸಿಗೆ ಕೊಂಡ ಬಿಳಿಯ ದೊರೆಯ ಕಾವಲಿಗೆ ಅದೇ ದನ ಕಾಲಿಟ್ಟ ಕ್ಷಣದಲ್ಲಿ ಹೆಚ್ಚಿನದೆಂಬ ಅದರ ದೋಷ ಪರಿಹಾರವಾಗಿ ಸಂಪತ್ತಾಗುತ್ತದೆ! ಇದು ಮಣ್ಣಿನ ರಕ್ಷಣೆಯೆ? ಇದು ಕಳವು, ಮಹನೀಯರೇ, ರಸೀತಿ ಕೊಟ್ಟು ಮಾಡುವ ಕಳವು.

ಹಸು ಮಳೆಗಾಲದ ಹೊತ್ತಿಗೆ ಈಯುತ್ತದೆ. ಕರುವನ್ನು ನಾನು ಮಾರುವುದಿಲ್ಲ. ಈ ಬಗ್ಗೆ ತಮ್ಮ ಅಪ್ಪಣೆಯೇನಾದರೂ ಇದ್ದರೆ ದಯಮಾಡಿ ಕರುವಿನ ಹೆಸರಿಗೇ ಕಳುಹಿಸಿರಿ. ತಮ್ಮ ಕಾಗದ ಬಂದು ಮುಟ್ಟುವಷ್ಟರಲ್ಲಿ ಅದು ನೊಗಕ್ಕೆ ಬಂದಿರುತ್ತದೆ.

ಇಂತು,
ತಮ್ಮ ದಫ್ತರದಲ್ಲಿ ಒಂದು ಅಂಕಿಯಾಗಿರುವವನು