ಐದು ನಿಮಿಷದ ಯಜಮಾನರು

ಮೈಸೂರಿನಲ್ಲಿ ಆಷಾಢದ ಗಾಳಿಯ ಹಿಂದೆಯೇ ಬರುವ ಒಬ್ಬ ಯಜಮಾನರಿದ್ದಾರೆ. ವರ್ಷದ ಹನ್ನೊಂದು ತಿಂಗಳು ದಾರಿಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಸ್ಕೂಟರ್ ಓಡಿಸುತ್ತಾರೆ. ಜುಲೈ ಕೊನೆಯ ವಾರ ಬಂತೋ, ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು. ಒಳಗೆ ಬೆಂಚಿನ ಮೇಲೆ ಏಳೆಂಟು ಜನ ಕಾಯುತ್ತಿರುತ್ತಾರೆ. ಇವರು ಬಾಗಿಲಲ್ಲೇ ನಿಂತು, ಅವರೆಲ್ಲರ ತಲೆಯ ಮೇಲಿಂದ ನನ್ನನ್ನು ಹುಡುಕಿ, ಐದು ಬೆರಳು ಅಗಲಿಸುತ್ತಾರೆ.

"ಐದೇ ನಿಮಿಷ ಸಾರ್. ನಂದು ಸಿಂಪಲ್ ಕೇಸು."

ನನ್ನ ಕಸುಬು ಆದಾಯ ತೆರಿಗೆಯ ರಿಟರ್ನ್ ಹಾಕಿಕೊಡುವುದು. ಸಿಎ ಅಲ್ಲ, ಆಡಿಟ್ ಮಾಡುವ ಅಧಿಕಾರವೂ ಇಲ್ಲ. ಆದರೆ ನಮ್ಮ ಕಡೆ ಕ್ಯಾಲ್ಕುಲೇಟರ್ ಇಟ್ಟುಕೊಂಡು ಮೇಜಿನ ಹಿಂದೆ ಕೂತವರೆಲ್ಲ ಆಡಿಟ್ರು, ಮೇಜಿನ ಮುಂದೆ ಕೂತವರೆಲ್ಲ ಪಾರ್ಟಿ. ಪಾರ್ಟಿಗಳಲ್ಲಿ ಬಹುಪಾಲು ಸಾಧು ಜನ. ಜೂನ್‌ನಲ್ಲೇ ಬಂದು, ಕೇಳಿದ್ದು ಕೊಟ್ಟು, ಹೇಳಿದಷ್ಟು ಫೀಸು ಇಟ್ಟು ಹೋಗುತ್ತಾರೆ. ಅವರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಸೀಸನ್ನಿಗೆ ಕಳೆ ಕಟ್ಟುವವರು ನಮ್ಮ ಯಜಮಾನರೇ. ಅವರು ಒಂದು ವರ್ಷ ನಿವೃತ್ತ ಇಂಜಿನಿಯರಾಗಿ ಬರುತ್ತಾರೆ, ಇನ್ನೊಂದು ವರ್ಷ ಕಾಲೇಜು ಮೇಷ್ಟ್ರಾಗಿ, ಮತ್ತೊಮ್ಮೆ ಕಂಪನಿ ಮ್ಯಾನೇಜರಾಗಿ. ವೇಷ ಬೇರೆ ಬೇರೆ, ಒಳಗಿನ ಆಸಾಮಿ ಒಬ್ಬರೇ.

ಸಂಬಳ ಕೊಡುವವರು ಫಾರಂ 16 ಕೊಡಲು ಗಡುವು ಜೂನ್ 15. ರಿಟರ್ನ್ ಹಾಕಲು ಕೊನೆಯ ದಿನ ಜುಲೈ 31. ನಡುವಿನ ಒಂದೂವರೆ ತಿಂಗಳು ಏನು ಮಾಡುತ್ತಿದ್ದಿರಿ ಎಂದು ಯಜಮಾನರನ್ನು ಕೇಳಬಾರದು. ಕೇಳಿದರೆ ಉತ್ತರವಿದೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಕ್ಯೂ. ಭಾನುವಾರ ನಿಮ್ಮ ಆಫೀಸು ರಜ. ಉಳಿದ ದಿನ ಮಳೆ. ಇವೆಲ್ಲಕ್ಕಿಂತ ದೊಡ್ಡ ಕಾರಣ ಒಂದಿದೆ. ಅದನ್ನು ಅವರು ದನಿ ತಗ್ಗಿಸಿ ಹೇಳುತ್ತಾರೆ: "ರೀಫಂಡ್ ಬರೋ ಕೆಲಸ ನೋಡಿ. ಆಷಾಢದಲ್ಲಿ ಬೇಡ ಅಂತ ಮನೇಲಿ ಅಂದ್ರು."

2024ರಲ್ಲಿ ಇದು ಸಮಸ್ಯೆಯೇ ಆಯಿತು. ಆ ವರ್ಷ ಭೀಮನ ಅಮಾವಾಸ್ಯೆ ಬಿದ್ದದ್ದು ಆಗಸ್ಟ್ 4ಕ್ಕೆ. ಶ್ರಾವಣ ಶುರುವಾಗುವುದು 5ಕ್ಕೆ. ಜುಲೈ 31 ಅಪ್ಪಟ ಆಷಾಢ, ಅದೂ ಬಹುಳ ಏಕಾದಶಿ. "ಐದು ದಿನ ತಡ ಆದ್ರೆ ಏನಾಗುತ್ತೆ ಸಾರ್?" ಎಂದರು. ಆದಾಯ ಐದು ಲಕ್ಷ ದಾಟಿದವರಿಗೆ ತಡವಾದರೆ 5,000 ರೂಪಾಯಿ ದಂಡ, ದಿನಕ್ಕೆ ಸಾವಿರದ ಲೆಕ್ಕ ಬೀಳುತ್ತೆ ಎಂದೆ. ಯಜಮಾನರು ಕಣ್ಣು ಮುಚ್ಚಿ ಕ್ಷಣ ಯೋಚಿಸಿದರು. ಆಷಾಢದ ದೋಷಕ್ಕೆ ಪರಿಹಾರ ಹೊಳೆಯಿತೆಂದು ಕಾಣುತ್ತದೆ. "ಹಾಗಾದ್ರೆ ಇವತ್ತೇ ಮಾಡ್ಬಿಡಿ. ಆದ್ರೆ ಒಂದೂವರೆ ಆಗಲಿ, ಬುಧವಾರ, ರಾಹುಕಾಲ ಕಳೀಲಿ." ಆಗ ಹನ್ನೆರಡು ಗಂಟೆ. ಏಕಾದಶಿ ಉಪವಾಸವಾದ್ದರಿಂದ ಬೆಂಚಿನ ಮೇಲೆ ಕೂತು ಬರೀ ಕಾಫಿ ಕುಡಿದರು. ಮೂರು ಸಲ.

ಅವರ ಕಾಗದಪತ್ರದ ವಿಷಯಕ್ಕೆ ಬರೋಣ. ಮುಕ್ಕಾಲು ಪಾಲು ವಾಟ್ಸಾಪಿನಲ್ಲಿ ಮೊದಲೇ ಬಂದಿರುತ್ತದೆ. ಫಾರಂ 16ರ ಮೊದಲ ಪುಟ, ಓರೆಯಾಗಿ ತೆಗೆದದ್ದು, ಸಂಬಳದ ಅಂಕಿಯ ಮೇಲೆ ಅವರದೇ ಹೆಬ್ಬೆರಳು. ಎರಡನೆಯ ಪುಟ ಹುಡುಕಬೇಕಾದರೆ ಗುಲಾಬಿ ಹೂವಿನ ಶುಭೋದಯ, ಬೆಲ್ಲದ ಹತ್ತು ಗುಣಗಳು, ಯಾರದೋ ಮೊಮ್ಮಗನ ಭರತನಾಟ್ಯ ಇವನ್ನೆಲ್ಲ ದಾಟಿ ಹೋಗಬೇಕು. ಅಷ್ಟು ದೂರ ಹೋದರೂ ಸಿಗುವುದು ಮೊದಲ ಪುಟವೇ, ಈ ಸಲ ತಲೆಕೆಳಗಾಗಿ. ಫೋನ್ ಮಾಡಿ ಕೇಳಿದರೆ, "ಕಳಿಸಿದೀನಲ್ಲ ಸಾರ್, ನೀಲಿ ಟಿಕ್ಕೂ ಬಂದಿದೆ" ಎಂದು ನನ್ನನ್ನೇ ಸಿಕ್ಕಿಹಾಕಿಸುತ್ತಾರೆ.

ಖುದ್ದಾಗಿ ತರುವ ಪ್ಲಾಸ್ಟಿಕ್ ಕವರಿನ ಸಂಗತಿ ಬೇರೆ. ಅದರಲ್ಲಿ ಎಲ್ಲವೂ ಇರುತ್ತದೆ. 2011ರ ಎಲ್‌ಐಸಿ ರಸೀದಿ, ಗ್ಯಾಸ್ ಪುಸ್ತಕ, ಮಗಳ ಪಿಯುಸಿ ಮಾರ್ಕ್ಸ್ ಕಾರ್ಡು. ಬೇಕಾದ್ದು ಒಂದು ಬಿಟ್ಟು. ಆಗ ನಾನು ಒಂದು ಉಪಾಯ ಮಾಡುತ್ತೇನೆ. ಕಸುಬಿನವರಿಗೆಲ್ಲ ಗೊತ್ತಿರುವ ಉಪಾಯ, ಹೇಳಿದರೆ ನಷ್ಟವಿಲ್ಲ. "ಇವಿಷ್ಟಕ್ಕೂ ಎರಡೆರಡು ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ." ರಿಟರ್ನಿನ ಜೊತೆ ಒಂದು ಚೂರು ಕಾಗದವನ್ನೂ ಲಗತ್ತಿಸಬೇಕಾಗಿಲ್ಲ. ಆದರೂ ಜೆರಾಕ್ಸ್ ಅಂಗಡಿ ಬೀದಿಯ ಆ ತುದಿಗಿದೆ, ಜುಲೈ ತಿಂಗಳಲ್ಲಿ ಅಲ್ಲೂ ಕ್ಯೂ ಇರುತ್ತದೆ. ಅಷ್ಟರಲ್ಲಿ ಬೆಂಚಿನ ಮೇಲಿನ ಇಬ್ಬರು ಸಾಧುಗಳ ಕೆಲಸ ಮುಗಿದಿರುತ್ತದೆ. ಯಜಮಾನರು ಬಿಸಿಬಿಸಿ ಪ್ರತಿಗಳನ್ನು ಎದೆಗವಚಿಕೊಂಡು ಬರುವಾಗ ಅವರ ಮುಖದಲ್ಲಿ ಒಂದು ಸಮಾಧಾನ ಕಾಣುತ್ತದೆ. ಸರ್ಕಾರಿ ಕೆಲಸ ಈಗ ಸರ್ಕಾರಿ ಕೆಲಸದ ಹಾಗೆ ನಡೆಯುತ್ತಿದೆ ಎಂಬ ಸಮಾಧಾನ.

ಹೊಸ ಪದ್ಧತಿಯೋ ಹಳೆಯದೋ ಎಂಬ ಪ್ರಶ್ನೆ ಬಂದಾಗ ಅವರ ನಿಜವಾದ ಪ್ರತಿಭೆ ಹೊರಬೀಳುತ್ತದೆ. ಹೊಸದರಲ್ಲಿ ತೆರಿಗೆಯ ದರ ಕಡಿಮೆ, ವಿನಾಯಿತಿಗಳು ಬಹುತೇಕ ಇಲ್ಲ. ಹಳೆಯದರಲ್ಲಿ ವಿನಾಯಿತಿಗಳಿವೆ, ದರ ಜಾಸ್ತಿ. ಇಷ್ಟನ್ನು ನಾನು ಬಿಡಿಸಿ ಹೇಳುವಾಗ ತಾಳ್ಮೆಯಿಂದ ತಲೆ ಆಡಿಸಿ ಕೊನೆಗೆ ಕೇಳುತ್ತಾರೆ: "ದರ ಹೊಸದರದ್ದು ಹಾಕಿ, ಡಿಡಕ್ಷನ್ನು ಹಳೇದರದ್ದು ಹಾಕೋಕಾಗಲ್ವಾ?" ಇಂಥ ಮನುಷ್ಯನನ್ನು ಹಣಕಾಸು ಸಚಿವಾಲಯ ಇನ್ನೂ ಗುರುತಿಸಿಲ್ಲವಲ್ಲ ಎನಿಸುತ್ತದೆ.

ಇನ್ನು ಬಾಡಿಗೆಯ ವಿನಾಯಿತಿ. ನೌಕರಿಯ ವೇಷದಲ್ಲಿ ಬಂದಾಗ ಯಜಮಾನರು ಯಾವಾಗಲೂ ಬಾಡಿಗೆ ಮನೆಯಲ್ಲೇ ಇರುತ್ತಾರೆ, ಬಾಡಿಗೆ ಯಾವಾಗಲೂ 8,333 ರೂಪಾಯಿಯೇ ಇರುತ್ತದೆ. ಕುವೆಂಪುನಗರದಿಂದ ವಿಜಯನಗರದವರೆಗೆ ಎಷ್ಟು ಮನೆ ಖಾಲಿ ಇವೆಯೋ ಅಷ್ಟೂ ಮನೆಯ ಮುಂದೆ ನಿಂತು ವಿಚಾರಿಸಿ, ಎಂಟು ಸಾವಿರದ ಮುನ್ನೂರ ಮೂವತ್ಮೂರಕ್ಕೆ ಮನೆ ಕೊಡುವ ಓನರು ಸಿಗಲಾರ. ಗುಟ್ಟು ಇಷ್ಟೆ: ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕನ ಪ್ಯಾನ್ ಕೊಡಬೇಕು. ಎಂಟು ಸಾವಿರದ ಮುನ್ನೂರ ಮೂವತ್ಮೂರನ್ನು ಹನ್ನೆರಡರಿಂದ ಗುಣಿಸಿ ನೋಡಿ, 99,996. ಮಾಲೀಕ ಬೇರೆ ಯಾರೂ ಅಲ್ಲ, ಯಜಮಾನರ ಮಾವ. ಏಪ್ರಿಲಿನಿಂದ ಮಾರ್ಚಿನವರೆಗೆ ಹನ್ನೆರಡು ರಸೀದಿ, ಒಂದೇ ಪೆನ್ನು, ಒಂದೇ ಹಾಳೆಯಿಂದ ಹರಿದ ರೆವಿನ್ಯೂ ಸ್ಟ್ಯಾಂಪು. ಎಂಬತ್ತು ವರ್ಷದ ಮಾವನವರ ಕೈ ಹನ್ನೆರಡು ತಿಂಗಳಲ್ಲಿ ಒಮ್ಮೆಯೂ ನಡುಗಿಲ್ಲ.

"ಈ ದುಡ್ಡು ಮಾವನಿಗೆ ನಿಜವಾಗ್ಲೂ ಕೊಟ್ಟಿದೀರಾ?" ಎಂದು ಕೇಳಿದೆ.

"ಮನೇಲಿ ಊಟ ಹಾಕ್ತಾ ಇಲ್ವಾ ಸಾರ್ ಅವರಿಗೆ?"

ಹಾಗೆಲ್ಲ ಬರೆಯಲಾಗುವುದಿಲ್ಲ ಎಂದರೆ ನನ್ನ ಮೇಲೆ ಬೇಸರ. ಇನ್ಯಾರೋ ಕೊಲೀಗಿಗೆ ಇನ್ಯಾರೋ ಆಡಿಟ್ರು ಏನೂ ಪುರಾವೆ ಇಲ್ಲದೆ ಎಂಬತ್ತು ಸಾವಿರ ರೀಫಂಡ್ ಕೊಡಿಸಿದರಂತೆ. ಈ ಕೊಲೀಗ್ ಎಂಬ ವ್ಯಕ್ತಿಯನ್ನು ನಾನು ಇದುವರೆಗೆ ನೋಡಿಲ್ಲ, ಆದರೆ ಎಲ್ಲ ಯಜಮಾನರಿಗೂ ಒಬ್ಬನಿದ್ದಾನೆ. 2025ರ ಜುಲೈ ಮಧ್ಯದಲ್ಲಿ ಇಲಾಖೆ ಸುಳ್ಳು ಡಿಡಕ್ಷನ್‌ಗಳ ಬೆನ್ನು ಹತ್ತಿ ದೇಶದ ನಾನಾ ಕಡೆ ಶೋಧ ನಡೆಸಿತು. ಅದಾದ ಮೇಲೆ ಕೊಲೀಗಿನ ಸುದ್ದಿ ಯಾಕೋ ನಿಂತಿತು. ವಿಚಾರಿಸಿದರೆ, "ಅವನಿಗೂ ನಮಗೂ ಅಷ್ಟು ಬಳಕೆ ಇಲ್ಲ" ಎಂದರು.

ಬಜೆಟ್ಟಿನ ಕಾಟ ಬೇರೆ. 2024ರಲ್ಲಿ ಚುನಾವಣೆಯಿಂದಾಗಿ ಪೂರ್ಣ ಬಜೆಟ್ ಮಂಡನೆಯಾದದ್ದು ಜುಲೈ 23ಕ್ಕೆ, ನಮ್ಮ ನೆತ್ತಿಯ ಮೇಲೆ ಕೆಲಸ ಸುರಿಯುತ್ತಿದ್ದಾಗ. ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಐವತ್ತು ಸಾವಿರದಿಂದ ಎಪ್ಪತ್ತೈದಕ್ಕೆ ಏರಿತು. ಅದು ಮುಂದಿನ ರಿಟರ್ನಿಗೆ ಸ್ವಾಮಿ ಎಂದರೆ, "ಟೀವೀಲಿ ಹಾಗೆ ಹೇಳಲಿಲ್ವಲ್ಲ!" ಮರುವರ್ಷ ಫೆಬ್ರವರಿಯಲ್ಲಿ ಹನ್ನೆರಡು ಲಕ್ಷದವರೆಗೆ ತೆರಿಗೆಯಿಲ್ಲ ಎಂದಾಗಲಂತೂ ಯಜಮಾನರು ಫೋನ್ ಮಾಡಿ, ಇನ್ನು ನಿಮ್ಮ ಸಹವಾಸ ತಪ್ಪಿತು ಎಂದು ಸಂತೋಷ ಹಂಚಿಕೊಂಡರು. ಆ ವರ್ಷ ಹಾಕಬೇಕಾಗಿದ್ದ ರಿಟರ್ನಿಗೆ ಮಿತಿ ಏಳು ಲಕ್ಷವೇ ಇತ್ತು. ಇದನ್ನು ತಿಳಿಸಿದ ನನ್ನನ್ನು ಅವರು ನೋಡಿದ ನೋಟ ಇನ್ನೂ ನೆನಪಿದೆ. ಕೇಂದ್ರ ಸರ್ಕಾರ ಕೊಟ್ಟಿದ್ದನ್ನು ನಡುದಾರಿಯಲ್ಲಿ ನಾನು ಕಿತ್ತುಕೊಂಡಿದ್ದೆ.

ಯಜಮಾನತಿಯವರೂ ಒಮ್ಮೆ ಜೊತೆಗೆ ಬಂದಿದ್ದರು, ದೇವಸ್ಥಾನದಿಂದ ಹಾಗೇ. ನಾನು ಎಐಎಸ್ ತೆರೆದೆ. ವರ್ಷದಲ್ಲಿ ನಮ್ಮ ಪ್ಯಾನಿನ ಮೇಲೆ ಎಲ್ಲೆಲ್ಲಿ ಬಡ್ಡಿ ಬಂತು, ಎಲ್ಲೆಲ್ಲಿ ಡಿವಿಡೆಂಡ್ ಬಂತು ಎಂದು ಇಲಾಖೆ ತಾನೇ ಪಟ್ಟಿ ಮಾಡಿ ಇಡುವ ಕಡತ ಅದು, 2021ರಿಂದ ಇದೆ. "ಬ್ಯಾಂಕ್ ಬಡ್ಡಿ ಏನಾದ್ರೂ?" ಎಂದು ಕೇಳಿದ್ದಕ್ಕೆ ಯಜಮಾನರು ಆಗಷ್ಟೇ "ಏನೂ ಇಲ್ಲ" ಎಂದಿದ್ದರು. ಸ್ಕ್ರೀನಿನ ಮೇಲೆ ಡಿಪಾಸಿಟ್ ಬಡ್ಡಿ ಮೂವತ್ತೆಂಟು ಸಾವಿರ ಚಿಲ್ಲರೆ.

"ಇದ್ಯಾವ ಡಿಪಾಸಿಟ್ಟೂ ಅಂದ್ರೆ?" ಎಂದರು ಯಜಮಾನತಿ. ಅವರು ಕೇಳಿದ್ದು ನನ್ನನ್ನಲ್ಲ.

ಯಜಮಾನರು ಗಂಟಲು ಸರಿ ಮಾಡಿಕೊಂಡು, ಇಲಾಖೆಯವರು ಈ ನಡುವೆ ಯಾರದ್ದೋ ದುಡ್ಡು ಯಾರಿಗೋ ಹಾಕಿಬಿಡುತ್ತಾರೆ ಎಂದರು. ಹಾಗಿದ್ದರೆ ತಪ್ಪು ಎಂದು ಪೋರ್ಟಲ್‌ನಲ್ಲೇ ಬರೆದು ಕಳಿಸಬಹುದು, ಬರೆಯಲಾ ಎಂದೆ. ಬೇಡ ಎಂದರು. ಆದಾಯ ತೆರಿಗೆಯವರಿಂದ ಮುಚ್ಚಿಡುವುದಕ್ಕೆಂದು ಬರುವವರು ಕಡಿಮೆ. ಬಹಳ ಮಂದಿ ಮುಚ್ಚಿಡುವುದು ಮನೆಯವರಿಂದ, ನನಗೆ ಹೇಳದಿರುವುದು ಅದೇ ಅಭ್ಯಾಸಬಲ.

ಫೀಸು ಹೇಳಿದೊಡನೆ ಪಕ್ಕದ ಸೈಬರ್ ಸೆಂಟರಿನವನು ಇನ್ನೂರಕ್ಕೆ ಮಾಡುತ್ತಾನೆ ಎನ್ನುತ್ತಾರೆ. ಮಾಡಿಸಿ ಎಂದರೆ, "ಅವನಿಗೆ ಏನು ಗೊತ್ತು ಸಾರ್?" ಎಂದು ನನ್ನ ಘನತೆಯನ್ನು ಎತ್ತಿಹಿಡಿಯುತ್ತಾರೆ, ಇನ್ನೂರಕ್ಕೇ. ಕೊನೆಗೆ ಅರ್ಧ ಈಗ, ಅರ್ಧ ರೀಫಂಡ್ ಬಂದ ಮೇಲೆ. ಆ ಉಳಿದರ್ಧ ಒಂದು ವರ್ಷ ಹಲಸಿನ ಹಣ್ಣಾಗಿ ಬಂತು. ಹಣ್ಣು ಚೆನ್ನಾಗಿತ್ತು ಎಂಬುದನ್ನು ಒಪ್ಪಬೇಕು.

ಇಷ್ಟಾದರೂ ಯಜಮಾನರ ಮೇಲೆ ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ. ಹಿಂದೆ ಇನ್‌ಕಮ್ ಟ್ಯಾಕ್ಸ್ ಆಫೀಸಿಗೆ ಹೋಗಿ ಗುಮಾಸ್ತರ ಎದುರು ನಿಂತು ದನಿ ಏರಿಸಬಹುದಿತ್ತು. ಈಗ ರಿಟರ್ನ್‌ಗಳನ್ನೆಲ್ಲ ಬೆಂಗಳೂರಿನ ಸಿಪಿಸಿಯ ಕಂಪ್ಯೂಟರುಗಳು ನೋಡುತ್ತವೆ, 2020ರಿಂದ ವಿಚಾರಣೆಯೂ ಫೇಸ್‌ಲೆಸ್. ಮುಖವೇ ಇಲ್ಲದ ಇಲಾಖೆಯ ಜೊತೆ ಜಗಳವಾಡುವುದು ಹೇಗೆ? ಇಡೀ ಭಾರತ ಸರ್ಕಾರದಲ್ಲಿ ಯಜಮಾನರಿಗೆ ಮುಖವಿರುವವನು, ಎದುರಿಗೆ ಕುರ್ಚಿ ಹಾಕುವವನು, ಚೌಕಾಸಿಗೆ ಸಿಗುವವನು ನಾನೊಬ್ಬನೇ. ಜುಲೈ 24ನ್ನು ಇಲಾಖೆ ಆದಾಯ ತೆರಿಗೆ ದಿನವೆಂದು ಆಚರಿಸುತ್ತದೆ. 1860ರಲ್ಲಿ ಅದೇ ದಿನ ಜೇಮ್ಸ್ ವಿಲ್ಸನ್ ಎಂಬ ಸಾಹೇಬರು ಈ ತೆರಿಗೆಯನ್ನು ಇಲ್ಲಿ ಜಾರಿಗೆ ತಂದರು, ಮೂರು ವಾರ ತುಂಬುವ ಮೊದಲೇ ಕಲ್ಕತ್ತೆಯಲ್ಲಿ ಆಮಶಂಕೆಯಿಂದ ತೀರಿಕೊಂಡರು. ಇತಿಹಾಸದವರು ಹವೆಯನ್ನು ದೂರುತ್ತಾರೆ. ಅವರಿಗೂ ಯಾರೋ ಐದು ನಿಮಿಷದ ಯಜಮಾನರು ಗಂಟುಬಿದ್ದಿದ್ದರೆಂದು ನನ್ನ ಗುಮಾನಿ.

2025ರಲ್ಲಿ ಸರ್ಕಾರಕ್ಕೇ ಕರುಣೆ ಬಂದು ಕೊನೆಯ ದಿನವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿತು. ಒಂದೂವರೆ ತಿಂಗಳು ಹೆಚ್ಚು. ಯಜಮಾನರು ಬಂದದ್ದು ಸೆಪ್ಟೆಂಬರ್ 15ರ ಸಂಜೆ. ಆಷಾಢವೇನೋ ಕಳೆದಿತ್ತು, ಆದರೆ ಅದು ಪಿತೃಪಕ್ಷ. ತಾತನ ಎಡೆ ಇಟ್ಟು, ಊಟ ಮುಗಿಸಿ, ಒಂದು ನಿದ್ದೆ ತೆಗೆದು ಬಂದಿದ್ದರು. ಪೋರ್ಟಲ್ ಸುತ್ತುತ್ತಲೇ ಇತ್ತು. ಆಧಾರ್‌ಗೆ ಜೋಡಿಸಿದ ಸಿಮ್ಮು ಹುಣಸೂರಿನ ತಂಗಿಯ ಮನೆಯಲ್ಲಿ, ತಂಗಿಯ ಮಗನ ಗೇಮಿನಲ್ಲಿ. ಒಟಿಪಿ ಹೋಯಿತು, ಹುಡುಗ ಓದಿ ಹೇಳುವಷ್ಟರಲ್ಲಿ ಅದರ ಅವಧಿ ತೀರಿತು, ಮತ್ತೊಂದು ಹೋಯಿತು. ಹನ್ನೆರಡು ಹೊಡೆಯುವುದಕ್ಕೆ ಸ್ವಲ್ಪ ಮೊದಲು ಎಲ್ಲರ ಫೋನೂ ಒಟ್ಟಿಗೆ ಸದ್ದು ಮಾಡಿದವು: ಗಡುವು ಇನ್ನೊಂದು ದಿನ ವಿಸ್ತರಣೆ.

"ನೋಡಿದ್ರಾ" ಎಂದು ಎದ್ದು ನಿಂತರು ಯಜಮಾನರು, "ಸುಮ್ನೆ ಗಾಬರಿ ಮಾಡ್ತೀರ ನೀವು." ಮರುದಿನ ರಾತ್ರಿ ಒಂಬತ್ತಕ್ಕೆ ಬಂದರು.

ಕೆಲಸ ಮುಗಿಯಿತೆಂದು ನಾನು ಅಂದುಕೊಂಡೆ. ಕೆಲವು ದಿನಗಳ ಮೇಲೆ ಬೆಳಗಿನ ಆರಕ್ಕೆ ಫೋನು. ಉಸಿರು ಮೇಲಕ್ಕೆ ಕೆಳಕ್ಕೆ. "ಸಾರ್, ನೋಟಿಸ್ ಬಂದ್ಬಿಟ್ಟಿದೆ. 143(1) ಅಂತಿದೆ. ಓಪನ್ನೇ ಆಗ್ತಾ ಇಲ್ಲ." ಅದು ನೋಟಿಸಲ್ಲ, ರಿಟರ್ನ್ ನೋಡಿದೆವು ಎಂದು ತಿಳಿಸುವ ಕಾಗದ, ಎಲ್ಲರಿಗೂ ಬರುತ್ತದೆ. ಪ್ಯಾನ್ ನಂಬರನ್ನು ಸಣ್ಣ ಅಕ್ಷರದಲ್ಲಿ ಹಾಕಿ, ಹಿಂದೆಯೇ ಹುಟ್ಟಿದ ತಾರೀಕು ಹಾಕಿದರೆ ತೆರೆಯುತ್ತದೆ ಎಂದೆ. ತೆರೆಯಲಿಲ್ಲ. ಯಾವ ತಾರೀಕು ಹಾಕಿದಿರಿ? "ಹುಟ್ಟಿದ್ದು ಸಾರ್, ಗೌರಿ ಹಬ್ಬದ ಮಾರನೇ ದಿನ, ಅಮ್ಮ ಯಾವಾಗ್ಲೂ ಹೇಳೋರು." ದಾಖಲೆಯಲ್ಲಿ ಏನಿದೆ ಎಂದು ಕೇಳಿದಾಗ ಹೊರಬಿತ್ತು. ಸ್ಕೂಲಿಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಕ್ಲಾಸಿನ ಅರ್ಧ ಮಕ್ಕಳಿಗೆ ಜೂನ್ 1 ಎಂದು ಬರೆದುಕೊಂಡಿದ್ದರು.

ಜೂನ್ 1 ಹಾಕಿದರು. ತೆರೆಯಿತು. ಓದಿ ಹೇಳಿದರು: ತೆರಿಗೆ ಬಾಕಿ ಸೊನ್ನೆ, ರೀಫಂಡ್ ಸೊನ್ನೆ.

"ನೋಡಿ, ಏನೂ ಇಲ್ಲ" ಎಂದೆ.

"ಏನೂ ಇಲ್ಲ ಅಂತ ಹೇಳೋಕೆ ಸರ್ಕಾರ ಇಷ್ಟುದ್ದ ಬರೆಯುತ್ತಾ ಸಾರ್? ಇದರಲ್ಲಿ ಏನೋ ಇದೆ. ನೀವು ಬೇಜಾರ್ ಮಾಡ್ಕೊಳಲ್ಲ ಅಂದ್ರೆ, ಒಂದ್ಸಲ ಬೇರೆ ಆಡಿಟ್ರಿಗೂ ತೋರಿಸಿಬಿಡ್ತೀನಿ."

ಖಂಡಿತ ತೋರಿಸಿ ಎಂದೆ. ಅಷ್ಟೇ ಅಲ್ಲ, ಒಳ್ಳೆಯ ಮೂವರು ಆಡಿಟರುಗಳ ವಿಳಾಸವನ್ನೂ ಕೊಟ್ಟೆ. ಮೂವರಲ್ಲಿ ಇಬ್ಬರು ಈಗ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮೂರನೆಯವರು ಯಜಮಾನರನ್ನು ಜೆರಾಕ್ಸ್ ಮಾಡಿಸಲು ಕಳಿಸಿದ್ದಾರಂತೆ.