ಲೈಸೆನ್ಸ್ ಮೀಮಾಂಸೆ: ದ್ರವ್ಯಪ್ರಕರಣ

ತಂತ್ರಾಂಶಕ್ಕೆ ಬೆಲೆ ಎಂಬುದು ಅನಾದಿಯಲ್ಲ. 1969ರವರೆಗೆ ಐಬಿಎಂ ಯಂತ್ರ ತರಿಸಿಕೊಂಡವರಿಗೆ ಅದು ತರಕಾರಿ ಚೀಲದ ಮೇಲೆ ಹಾಕಿಕೊಡುವ ಕರಿಬೇವಿನಂತೆ ಬರುತ್ತಿತ್ತು. ಆ ವರ್ಷ ಐಬಿಎಂ ಕರಿಬೇವಿಗೆ ಬೇರೆ ಬಿಲ್ಲು ಹಾಕಿತು. ಈ ಶಾಸ್ತ್ರ ಹುಟ್ಟಿತು. ಇದರ ಮೂಲಪ್ರಶ್ನೆ ಒಂದೇ: ಎಣಿಸಬೇಕಾದದ್ದು ಏನನ್ನು? ಬಳಕೆಯನ್ನು ಎನ್ನುತ್ತಾರೆ ಪಾಮರರು. ಅದು ಪೂರ್ವಪಕ್ಷ, ಖಂಡಿಸುವುದಕ್ಕೆಂದೇ ಇಟ್ಟದ್ದು.

ಮೊದಲು ಕೋರ್ ವಾದ. ಒರಾಕಲ್‌ನ ಎಂಟರ್‌ಪ್ರೈಸ್ ಡೇಟಾಬೇಸಿನ ಪಟ್ಟಿಬೆಲೆ ಪ್ರೊಸೆಸರಿಗೆ 47,500 ಡಾಲರ್. ಇಲ್ಲಿ ಪ್ರೊಸೆಸರ್ ಎಂದರೆ ಪ್ರೊಸೆಸರ್ ಅಲ್ಲ. ಕೋರ್‌ಗಳನ್ನು ಎಣಿಸಿ ಕೋರ್ ಫ್ಯಾಕ್ಟರಿನಿಂದ ಗುಣಿಸಬೇಕು. ಇಂಟೆಲ್ ಚಿಪ್ಪಿಗೆ ಅದು 0.5. ಸರ್ವರ್ ರೂಮಿನ ಮೂಲೆಯಲ್ಲಿ ಗುಂಯ್ ಎನ್ನುವ ಒಂದು ಡಬ್ಬವಿದೆ ಎನ್ನಿ: ಎರಡು ಚಿಪ್ಪು, ಒಂದೊಂದರಲ್ಲಿ 16 ಕೋರ್. ಕಣ್ಣಿಗೆ ಕಾಣುವುದು 1, ಮುಚ್ಚಳ ಬಿಚ್ಚಿದರೆ 2, ಒಳಹೊಕ್ಕರೆ 32, ಶಾಸ್ತ್ರಸಮ್ಮತವಾಗಿ 16. ಮೊತ್ತ 7,60,000 ಡಾಲರ್. ಸಪೋರ್ಟಿಗೆಂದು ವರ್ಷಕ್ಕೆ ಶೇ. 22 ಬೇರೆ, ಐದನೇ ವರ್ಷಕ್ಕೆ ಬಡ್ಡಿ ಅಸಲನ್ನು ದಾಟಿರುತ್ತದೆ.

“ಸ್ವಾಮಿ, ನಮ್ಮಲ್ಲಿ ಇದನ್ನು ಮುಟ್ಟುವವರೇ 12 ಜನ” ಎಂದು ಅಳುವವರಿಗೆ ತಲೆಲೆಕ್ಕದ ಮಾರ್ಗವುಂಟು, ತಲೆಗೆ 950. ಆದರೆ ಪ್ರೊಸೆಸರೊಂದಕ್ಕೆ ಕನಿಷ್ಠ 25 ತಲೆ. 16 ಇಪ್ಪತ್ತೈದಲೆ 400. ಮಿಕ್ಕ 388 ಮಂದಿ ಪಿತೃಗಳೆಂದೂ, ಅವರಿಗೂ ಎಲೆ ಹಾಕುವುದು ಗೃಹಸ್ಥಧರ್ಮವೆಂದೂ ಈ ಬಡ ವ್ಯಾಖ್ಯಾನಕಾರನ ಮತ.

ವಿಎಂವೇರ್ ಕ್ಲಸ್ಟರಿನ ಒಂದು ಮೂಲೆಯಲ್ಲಷ್ಟೇ ಡೇಟಾಬೇಸ್ ಓಡಿಸಿದರೆ? ಇಲ್ಲಿ ದಂಡಾಪೂಪನ್ಯಾಯ. ಇಲಿ ಕೋಲನ್ನೇ ತಿಂದಿದೆ ಎಂದಮೇಲೆ ಕೋಲಿಗೆ ಕಟ್ಟಿದ್ದ ಅಪ್ಪ ಉಳಿದೀತೇ? ಅಂಥ ವಿಭಜನೆಯನ್ನು ಒರಾಕಲ್ ‘ಸಾಫ್ಟ್’ ಎಂದು ಕರೆದು ಲೆಕ್ಕದಿಂದ ತಳ್ಳುತ್ತದೆ. ಇಡೀ ಕ್ಲಸ್ಟರಿಗೆ ಹಣ ಕೇಳುತ್ತದೆ.

ಜಾವಾ ವಿಷಯದಲ್ಲಿ ಛತ್ರಿನ್ಯಾಯ. ಗುಂಪಿನಲ್ಲಿ ಒಬ್ಬನ ಕೈಯಲ್ಲಿ ಕೊಡೆಯಿದ್ದರೂ ‘ಕೊಡೆಯವರು ಹೋಗುತ್ತಿದ್ದಾರೆ’ ಎನ್ನುತ್ತೇವಲ್ಲ, ಹಾಗೆ. 2023ರ ಜನವರಿಯಿಂದ ಒರಾಕಲ್ ಜಾವಾ ಚಂದಾ ಎಣಿಸುವುದು ಜಾವಾ ಬಳಸುವವರನ್ನಲ್ಲ, ನೌಕರರೆಲ್ಲರನ್ನೂ. ಅರೆಕಾಲಿಕರೂ ಸೇರಿದರು, ಕಂಪನಿಯ ಕೆಲಸಕ್ಕೆ ಹೊರಗಿನಿಂದ ಬಂದ ಗುತ್ತಿಗೆಯವರೂ ಸೇರಿದರು. ಸಾವಿರದೊಳಗಿನ ಸಂಸ್ಥೆಗೆ ತಲೆಗೆ ತಿಂಗಳಿಗೆ 15 ಡಾಲರ್. 500 ಜನರಿದ್ದರೆ ವರ್ಷಕ್ಕೆ 90,000. ಕೊಡೆ ಒಂದೇ, ನೆನೆಯುವವರು ಐನೂರು.

ಸ್ಯಾಪ್ ಪರಂಪರೆ ಇದಕ್ಕೂ ಸೂಕ್ಷ್ಮ. ಅಲ್ಲಿ ಸೂತಕವಿಚಾರವಿದೆ. ಜಾನಿ ವಾಕರ್ ತಯಾರಿಸುವ ಡಿಯಾಜಿಯೊದ ಮಾರಾಟಗಾರರೂ ಗಿರಾಕಿಗಳೂ ಸ್ಯಾಪ್ ಮುಟ್ಟಿದ್ದೇ ಇಲ್ಲ. ಅವರು ಮುಟ್ಟಿದ್ದು ಸೇಲ್ಸ್‌ಫೋರ್ಸ್‌ನ ಮೇಲೆ ಕಟ್ಟಿದ ತಂತ್ರಾಂಶವನ್ನು. ಅದು ಸ್ಯಾಪನ್ನು ಮುಟ್ಟಿತು. 2017ರಲ್ಲಿ ಲಂಡನ್ನಿನ ಹೈಕೋರ್ಟು ದಾಯಾದಿಗಳಿಗೂ ಸೂತಕ ತಗಲುತ್ತದೆ ಎಂದಿತು. ಸ್ಯಾಪ್ ಕೇಳಿದ್ದು 5 ಕೋಟಿ 40 ಲಕ್ಷ ಪೌಂಡಿಗೂ ಮೇಲೆ.

ಪಟ್ಟಿಬೆಲೆಯನ್ನು ಪೂರ್ತಿ ಕೊಟ್ಟವರುಂಟೇ ಎಂದು ಶಿಷ್ಯ ಕೇಳಿದರೆ, ಅದು ಮುಹೂರ್ತಪ್ರಕರಣ. ಒರಾಕಲ್‌ನ ಲೆಕ್ಕದ ವರ್ಷ ಮುಗಿಯುವುದು ಮೇ 31ಕ್ಕೆ. ಪಳಗಿದ ಖರೀದಿ ವಿಭಾಗದವರು ಏಪ್ರಿಲ್‌ನಲ್ಲೇ ಕೊಟೇಶನ್ ತರಿಸಿ ಡ್ರಾಯರಿಗೆ ಹಾಕುತ್ತಾರೆ. ಮೇ ಕೊನೆಯ ವಾರ ಆ ಕಡೆಯಿಂದ ಫೋನು ಬರುವವರೆಗೂ ಮಾವಿನಹಣ್ಣು ತಿನ್ನುತ್ತ ಕೂತಿರುತ್ತಾರೆ.